ಮೂವತ್ತೇಳೋ ಎಂಬತ್ತೇಳೋ

ನಾಲ್ಕು ವರ್ಷವಾದರೂ ಹಾಯಿದೋಣಿ ಪಂದ್ಯದ ಆ ಧ್ವನಿಮುದ್ರಣ ನನ್ನ ಕಿವಿ ಬಿಟ್ಟು ಹೋಗಿಲ್ಲ. ಗಾಳಿಯ ಸದ್ದು, ಯಾರದೋ ಕೆಮ್ಮು, ಆಮೇಲೆ ನನ್ನದೇ ದನಿ: "ಮೂವತ್ತೇಳು... ಹಾಂ, ಮೂವತ್ತೇಳೇ." ಕೊನೆಯ ಆ ಒತ್ತನ್ನು ಎಲ್ಲಿಂದ ತಂದೆನೋ ದೇವರೇ ಬಲ್ಲ.

ಜುಲೈ ತಿಂಗಳು, ಹೈದರಾಬಾದಿನ ಹುಸೇನ್ ಸಾಗರ, ಮಕ್ಕಳ ರೆಗಾಟಾ, ಅಂದರೆ ಹಾಯಿದೋಣಿ ಪಂದ್ಯಗಳ ಕೂಟ. ಸ್ಟಾರ್ಟ್ ಗೆರೆಯ ಮೇಲೆ 42 ಆಪ್ಟಿಮಿಸ್ಟ್‌ಗಳು, ಒಬ್ಬೊಬ್ಬ ಮಗು ಓಡಿಸುವ ಪುಟ್ಟ ದೋಣಿಗಳು. ಗೆರೆಯ ಒಂದು ತುದಿಯಲ್ಲಿರುವ ಕಮಿಟಿ ಬೋಟಿನಲ್ಲಿ ನಿಂತು ಗೆರೆ ಕಾಯುವುದು, ಹೊತ್ತಿಗೆ ಮುಂಚೆ ದಾಟಿದವರ ನಂಬರನ್ನು ರೆಕಾರ್ಡಿಂಗಿಗೆ ಹೇಳುವುದು ನನ್ನ ಕೆಲಸ. ಗೆರೆಯ ಇನ್ನೊಂದು ತುದಿಯಾದ ಪಿನ್ ತುದಿಯಲ್ಲೂ ಒಬ್ಬರು ಇರಬೇಕಿತ್ತು, ಆದರೆ ಅವರ ದೋಣಿಯ ಎಂಜಿನ್ ಬೆಳಿಗ್ಗೆಯೇ ಕೈಕೊಟ್ಟಿತ್ತು. ಬದಲಿ ಕೇಳಿದರೆ, ಇದ್ದೊಂದು ರಿಬ್ (ಗಾಳಿ ತುಂಬಿದ ಅಂಚಿನ ಮೋಟಾರು ದೋಣಿ) ಅತಿಥಿಗಳನ್ನು ಬುದ್ಧನ ಪ್ರತಿಮೆಯ ಹತ್ತಿರ ಫೋಟೋಗೆ ಕರೆದುಕೊಂಡು ಹೋಗಿದೆ ಎಂಬ ಉತ್ತರ ಬಂತು. ಒಂದೇ ತುದಿಯಿಂದ ನೋಡಿದರೆ ಹತ್ತಿರದ ದೋಣಿಯ ಪಟ ದೂರದ ದೋಣಿಯ ಪಟವನ್ನೂ ಅದರ ಮೇಲಿನ ನಂಬರನ್ನೂ ಮುಚ್ಚುತ್ತದೆ. ಇದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡು ಕೆಲಸಕ್ಕಿಳಿದೆ.

ಮಾಮೂಲಿ ಸ್ಟಾರ್ಟಿನ ಪಿ ಫ್ಲ್ಯಾಗ್‌ನಲ್ಲಿ ಎರಡು ಸಲ ಜನರಲ್ ರೀಕಾಲ್ ಆಯಿತು, ಅಂದರೆ ಎಲ್ಲರನ್ನೂ ವಾಪಸು ಕರೆದು ಮತ್ತೆ ಸ್ಟಾರ್ಟ್. ಎರಡು ಸಲವೂ ಗೆರೆಯಾಚೆ ಮೂಗು ತೂರಿಸಿದವರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 37ರ ದೋಣಿ. ಹನ್ನೆರಡು ವರ್ಷದ ಹುಡುಗಿ, ಗೆರೆಗೆ ಅಂಟಿಕೊಂಡೇ ಓಡಿಸುವವಳು. "ಇವಳು ಇನ್ನೊಮ್ಮೆ ಮಾಡುತ್ತಾಳೆ ನೋಡಿ" ಎಂದು ಪಂದ್ಯದ ಮುಖ್ಯ ಅಧಿಕಾರಿ ಪಿಆರ್‌ಒಗೆ ನಾನೇ ಹೇಳಿದೆ. ಮೂರನೆಯ ಸಲ ಯು ಫ್ಲ್ಯಾಗ್ ಏರಿತು: ಕೊನೆಯ ಒಂದು ನಿಮಿಷದಲ್ಲಿ ಗೆರೆಯಾಚೆ ಕಂಡವರು ಆ ರೇಸಿನಿಂದ ಅನರ್ಹ.

ಒಂದು ನಿಮಿಷದ ಹಾರ್ನ್. ಯು ಇಳಿಯಿತು. ಮೂವತ್ತು ಸೆಕೆಂಡಿಗೆ ಎಲ್ಲ ಪಟಗಳೂ ಪಟಪಟ ಬಡಿದುಕೊಳ್ಳುತ್ತ ಒಂದರ ಮೇಲೊಂದು ಒತ್ತಿಕೊಂಡು ಬಂದವು. ಹನ್ನೆರಡು ಸೆಕೆಂಡು ಉಳಿದಾಗ ಗುಂಪಿನ ನಡುವಿನಿಂದ ಒಂದು ದೋಣಿಯ ಮೂತಿ ಮುಂದೆ ಬಂತು. ಕಂಡದ್ದು ಪೂರ್ತಿ ಒಂದು ಏಳು, ಅದರ ಎಡಕ್ಕೆ ಇನ್ನೊಂದು ಅಂಕಿಯ ಬಲ ಅರ್ಧ ಮಾತ್ರ. ಎರಡು ಹೊಟ್ಟೆ ಇದ್ದ ಅಂಕಿ. ಉಳಿದರ್ಧವನ್ನು ಪಕ್ಕದ ಪಟ ನುಂಗಿತ್ತು. ಆ ಅರ್ಧವನ್ನು ತುಂಬಿದ್ದು ನನ್ನ ಕಣ್ಣಲ್ಲ, ಹತ್ತು ನಿಮಿಷದ ಹಿಂದೆ ನಾನೇ ಆಡಿದ ಮಾತು.

ಯು ಇದ್ದಾಗ, ಮುಂಚೆ ದಾಟಿದವರನ್ನು ವಾಪಸು ಕರೆಯುವ ಎಕ್ಸ್ ಬಾವುಟ ಏರಿಸುವುದಿಲ್ಲ, ಹಾಗಾಗಿ ಅವಳಿಗೆ ಏನೂ ಗೊತ್ತಾಗಲಿಲ್ಲ. ಚುಕ್ಕಾಣಿಗೆ ಸುತ್ತಿದ ಜೊಂಡನ್ನು ಎರಡು ಕಡೆ ಬಿಡಿಸಿಕೊಂಡು ನಾಲ್ಕನೆಯವಳಾಗಿ ಬಂದಳು. ನಮ್ಮ ದೋಣಿಯ ಕಡೆ ನೋಡಿ ನಕ್ಕಳು. ನಾನೂ ನಕ್ಕೆ. ಅದು ಇವತ್ತಿಗೂ ಚುಚ್ಚುತ್ತದೆ.

ದಡದಲ್ಲಿ ಬೋರ್ಡಿನ ಮೇಲೆ ಅವಳಿಗೆ ಯುಎಫ್‌ಡಿ, ಅಂದರೆ ಯು ಬಾವುಟದ ಅನರ್ಹತೆ. ಕಡಿಮೆ ಅಂಕದವರು ಗೆಲ್ಲುವ ಆಟದಲ್ಲಿ 43 ಅಂಕ. ಕೆಟ್ಟ ಫಲಿತಾಂಶವೊಂದನ್ನು ಲೆಕ್ಕದಿಂದ ಬಿಡುವ ಅವಳ ಡಿಸ್ಕಾರ್ಡ್ ಹಿಂದಿನ ದಿನವೇ ಖರ್ಚಾಗಿತ್ತು. ನಮ್ಮ ತಪ್ಪು ಸರಿಪಡಿಸಿ ಎಂದು ರಿಡ್ರೆಸ್ ಕೇಳಿದಳು. ಜ್ಯೂರಿ ಕೋಣೆಯಲ್ಲಿ ಮೊದಲು ನನ್ನ ದನಿ ಕೇಳಿಸಿದರು, ಆಮೇಲೆ ಒಬ್ಬ ಕೋಚ್‌ನ ಮೊಬೈಲ್ ವಿಡಿಯೊ ತೋರಿಸಿದರು. ಕೊನೆಯ ನಿಮಿಷ ಪೂರ್ತಿ 37 ಪಿನ್ ತುದಿಯಲ್ಲಿತ್ತು, ಗೆರೆಯಿಂದ ಮೂರು ದೋಣಿಯಷ್ಟು ಹಿಂದೆ. ನಾನು ನೋಡುತ್ತಿದ್ದ ಜಾಗದಲ್ಲಿ ಅವಳು ಇರಲೇ ಇಲ್ಲ.

"ಹಾಗಾದರೆ ಮುಂದೆ ಬಂದದ್ದು 87 ಎಂದು ಖಚಿತವಾಗಿ ಹೇಳುತ್ತೀರಾ?" ಎಂದು ಜ್ಯೂರಿ ಕೇಳಿತು. ವಿಡಿಯೊದಲ್ಲಿ ಗೆರೆಯ ಆ ಭಾಗ ಇರಲಿಲ್ಲ. ಇನ್ನೊಂದು ಮಗುವಿನ ಮೇಲೆ ಇನ್ನೊಂದು ಊಹೆ ಹೊರಿಸಲು ನಾಲಿಗೆ ಏಳಲಿಲ್ಲ. "ಇಲ್ಲ" ಎಂದೆ. 87ರ ಎರಡನೆಯ ಸ್ಥಾನ ಉಳಿಯಿತು. ಇವಳಿಗೆ ನಾಲ್ಕನೆಯದು ವಾಪಸು ಸಿಕ್ಕಿತು. ಅದೂ ನನ್ನ ಪುಣ್ಯದಿಂದಲ್ಲ. ಫಿನಿಶ್ ಗೆರೆ ದಾಟಿ ಬಂದವರನ್ನೆಲ್ಲ ಮೊದಲು ಬರೆದುಕೋ, ತಕರಾರು ಆಮೇಲೆ ನೋಡು ಎಂದು ಹಳೆಯ ರೆಕಾರ್ಡರ್ ಒಬ್ಬರು ಬೈದು ಕಲಿಸಿದ್ದರು. ಆ ಅಭ್ಯಾಸಬಲದಿಂದ ಫಿನಿಶ್ ಹಾಳೆಯಲ್ಲಿ ಅವಳ ಸಂಖ್ಯೆ ಇತ್ತು.

ಮರುದಿನ ಮೊದಲ ಸ್ಟಾರ್ಟ್. ಪಿನ್ ದೋಣಿ ಆಗಲೂ ರಿಪೇರಿಯಲ್ಲೇ ಇತ್ತು. ಹಾರ್ನ್ ಆಗುವ ಹೊತ್ತಿಗೆ ನಡುವೆ ಎರಡೋ ಮೂರೋ ದೋಣಿಗಳು ಖಂಡಿತ ಮುಂದಿದ್ದವು. "ದಾಟಿದ್ದಾರೆ, ನಂಬರ್ ಕಾಣಲಿಲ್ಲ" ಎಂದೆ. ಪಿಆರ್‌ಒ ಹಲ್ಲು ಕಚ್ಚಿ ಜನರಲ್ ರೀಕಾಲ್ ಕೊಟ್ಟರು. ಮಕ್ಕಳು ವಾಪಸು ಬರುವಷ್ಟರಲ್ಲಿ ಗಾಳಿ ಸತ್ತುಹೋಯಿತು. ಸ್ಟಾರ್ಟ್ ಮುಂದೂಡುವ ಎಪಿ ಬಾವುಟ ಏರಿಸಿ, ಹಸಿರು ನೀರಿನ ವಾಸನೆ ಕುಡಿಯುತ್ತ ನಲವತ್ತು ನಿಮಿಷ ಕೂತೆವು. ಮಕ್ಕಳು ನೀರೆರಚಿಕೊಂಡು ಆಡುತ್ತಿದ್ದರು.

ಪಿಆರ್‌ಒ ಫ್ಲಾಸ್ಕಿನಿಂದ ಚಹಾ ಸುರಿದುಕೊಂಡರು, ನನಗೆ ಕೊಡಲಿಲ್ಲ. "ನಿನ್ನೆ ಎಲ್ಲ ಕಾಣುತ್ತಿತ್ತಲ್ಲ?" ಎಂದರು.