ದಾವಣಗೆರೆ ಗಾಜಿನ ಮನೆ: ನಾಲ್ಕು ಗಂಟೆ ಮೇಲೆ ಹೋಗಿ

ದಾವಣಗೆರೆಗೆ ಹೋಗುವ ಬಹಳಷ್ಟು ಜನ ಬೆಣ್ಣೆ ದೋಸೆ ತಿಂದು, ಒಂದಿಷ್ಟು ಬಟ್ಟೆಬರೆ ತಗೊಂಡು ಬಂದುಬಿಡುತ್ತಾರೆ. ಊರಲ್ಲಿ ನೋಡೋಕೆ ಏನಿದೆ ಅಂತ ಕೇಳಿದರೆ ಅಲ್ಲಿಯವರು ಮೊದಲು ಹೇಳುವುದು ಗಾಜಿನ ಮನೆ. ನಾವು ಅತ್ತೆಯನ್ನೂ ಮಕ್ಕಳನ್ನೂ ಕರ್ಕೊಂಡು ತುಮಕೂರಿನಿಂದ ರೈಲಿನಲ್ಲಿ ಹೋಗಿದ್ದೆವು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿರುವವರು ಒಂದು ದಿನದ ಮಟ್ಟಿಗೆ ಹೋಗಿ ಬರೋದಾದರೆ ಹೇಗೆ ಅಂತ ಬರೆಯುತ್ತಿದ್ದೇನೆ.

ಗಾಜಿನ ಮನೆಯನ್ನು ದಿನದ ಕೊನೆಗೆ ಇಟ್ಟುಕೊಳ್ಳಿ. ಮುಖ್ಯವಾದ ಮಾತು ಇದೊಂದೇ. ಸ್ಟೇಷನ್ ಹೊರಗೆ ಸಿಕ್ಕ ಆಟೋದವರು, ‘ಈಗ್ಯಾಕೆ ಹೋಗ್ತೀರಿ ಅಕ್ಕಾರೆ, ಬಿಸ್ಲು. ನಾಲ್ಕರ ಮೇಲೆ ಹೋಗ್ರಿ’ ಅಂದರು. ಬಾಡಿಗೆ ಬಿಟ್ಟುಕೊಟ್ಟು ಹೇಳಿದ ಮಾತು, ನಂಬಿದೆವು. ದಾವಣಗೆರೆ ಬಿಸಿಲಿನ ಊರು. ಗಾಜಿನ ಚಾವಣಿಯ ಕೆಳಗೆ ಸೆಕೆ ಇನ್ನೂ ಜಾಸ್ತಿ. ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಅಲ್ಲಿ ಹೊರಗೆ ಕಾಲಿಟ್ಟರೆ ಹಳೇ ಮರಗಳ ನೆರಳು ಸಿಗುತ್ತದೆ. ದಾವಣಗೆರೆಯದು ಹೊಸ ತೋಟ. ಗಿಡಗಳು ಇನ್ನೂ ಬೆಳೆಯಬೇಕು. ಲಾಲ್‌ಬಾಗ್ ತರ ಮರದ ಕೆಳಗೆ ಚಾಪೆ ಹಾಸಿ ಮಧ್ಯಾಹ್ನ ಕಳೆಯೋಣ ಅಂದುಕೊಂಡು ಹೋದರೆ ಬೇಸರವಾಗುತ್ತದೆ.

ಹಾಗಾದರೆ ಬೆಳಗ್ಗೆ ಏನು ಮಾಡೋದು? ಹರಿಹರಕ್ಕೆ ಹೋಗಿ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್, ಬಸ್ಸಿಗೆ ಕಾಯುವ ಕೆಲಸವೇ ಇಲ್ಲ. ತುಂಗಭದ್ರೆಯ ದಡದ ಊರು. ಹರಿಹರೇಶ್ವರ ದೇವಸ್ಥಾನವನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಒಂದೇ ವಿಗ್ರಹ, ಬಲಭಾಗ ಶಿವ, ಎಡಭಾಗ ವಿಷ್ಣು. ನಮ್ಮ ಅತ್ತೆ ಗರ್ಭಗುಡಿ ಎದುರಿಂದ ಅಲ್ಲಾಡಲಿಲ್ಲ. ಮಕ್ಕಳು ಮಾತ್ರ ಮಂಟಪದ ಕಂಬಗಳಲ್ಲೇ ಮುಳುಗಿದ್ದರು. ಕಡೆದು ನುಣುಪು ಮಾಡಿದ ಕಂಬಗಳು, ಹತ್ತಿರ ಹೋದರೆ ಮುಖ ಕಾಣುವಷ್ಟು ಹೊಳಪು. ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಬೇಕು, ಆದ್ದರಿಂದ ಬಿಸಿಲೇರುವ ಮುಂಚೆ ಮುಗಿಸಿ. ಮಧ್ಯಾಹ್ನ ಬಾಗಿಲು ಹಾಕುವುದೂ ಉಂಟು.

ವಾಪಸ್ ದಾವಣಗೆರೆಗೆ ಬರುವ ಹೊತ್ತಿಗೆ ಹೊಟ್ಟೆ ಹಸಿದಿರುತ್ತದೆ. ಬೆಣ್ಣೆ ದೋಸೆ ಹೋಟೆಲ್‌ಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಯಾವುದು ಒಳ್ಳೇದು ಅನ್ನುವ ಜಗಳಕ್ಕೆ ಹೋಗಲ್ಲ. ಹೊಸಬರಿಗೆ ಇಷ್ಟು ಗೊತ್ತಿದ್ದರೆ ಸಾಕು. ಸಾಂಬಾರ್ ಕೇಳಬೇಡಿ. ಕಾಯಿ ಚಟ್ನಿ ಮತ್ತು ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ಅಷ್ಟೇ. ಖಾಲಿ ದೋಸೆ ಅಂದರೆ ಮೆತ್ತಗಿರುತ್ತದೆ, ಹಲ್ಲಿಲ್ಲದವರಿಗೂ ಮಕ್ಕಳಿಗೂ ಅದೇ ಸರಿ. ಹಿಟ್ಟಿಗೆ ಮಂಡಕ್ಕಿ ನೆನೆಸಿ ಸೇರಿಸುತ್ತಾರೆ, ಅದಕ್ಕೇ ಆ ಹದ. ಒಬ್ಬರಿಗೆ ಎರಡು ಅಂತ ಒಟ್ಟಿಗೆ ಹೇಳದೆ ಒಂದೊಂದೇ ಹೇಳಿ. ಬೆಣ್ಣೆ ಆರಿದರೆ ರುಚಿ ಅರ್ಧ ಹೋಯಿತು.

ಊಟ ಆದಮೇಲೆ ಮಂಡಿಪೇಟೆ, ಚೌಕಿಪೇಟೆ ಕಡೆ ಒಂದು ಸುತ್ತು ಹಾಕಬಹುದು. ಇಕ್ಕಟ್ಟು ರಸ್ತೆ, ಲಗೇಜ್ ಆಟೋ, ತಳ್ಳುಗಾಡಿ, ಹಾರ್ನು. ನನಗೆ ಇಂಥ ಪೇಟೆ ಇಷ್ಟ, ಅತ್ತೆಗೆ ಅರ್ಧ ಗಂಟೆಗೇ ಸಾಕಾಯಿತು. ಹಿರಿಯರಿದ್ದರೆ ಬಸ್ ಸ್ಟ್ಯಾಂಡ್ ಅಥವಾ ಸ್ಟೇಷನ್ ಹತ್ತಿರ ಸಾಧಾರಣ ಲಾಡ್ಜ್‌ನಲ್ಲಿ ಒಂದು ರೂಮು ಮಾಡಿ ಎರಡು ತಾಸು ಮಲಗಿಸಿ. ಈ ಖರ್ಚು ದಂಡ ಅನ್ನಿಸಬಹುದು. ಆದರೆ ಸಂಜೆ ಎಲ್ಲರೂ ನಗುನಗುತ್ತಾ ತೋಟ ಸುತ್ತಬೇಕು ಅಂದರೆ ಇದು ಬೇಕು. ರಾತ್ರಿ ರೈಲಿನವರೆಗೆ ಬ್ಯಾಗ್ ಇಡೋಕೂ ಜಾಗ ಆಗುತ್ತದೆ.

ಗಾಜಿನ ಮನೆ ಇರುವುದು ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಕುಂದವಾಡ ಕೆರೆಯ ಹತ್ತಿರ. ಆಟೋದವರಿಗೆ ‘ಗ್ಲಾಸ್ ಹೌಸ್’ ಅಂದರೆ ಸಾಕು. ಹತ್ತುವ ಮೊದಲೇ ರೇಟು ಮಾತಾಡಿ. ಒಳಗೆ ಹೋಗೋಕೆ ಟಿಕೆಟ್ ಇದೆ, ದೊಡ್ಡ ದುಡ್ಡೇನಲ್ಲ. ಚಿಲ್ಲರೆ ಇಟ್ಟುಕೊಂಡಿರಿ, ಫೋನಿನ ನೆಟ್‌ವರ್ಕ್ ಕೈಕೊಟ್ಟರೆ ಸಾಲಿನಲ್ಲಿ ಹಿಂದಿನವರು ಗೊಣಗುತ್ತಾರೆ. ಸ್ವಂತ ಕಾರಿನಲ್ಲಿ ಬರುವವರಿಗೆ ಇನ್ನೂ ಅನುಕೂಲ. ಈ ಕಡೆ ಹೆದ್ದಾರಿಗೆ ಹತ್ತಿರ, ಪೇಟೆಯ ಟ್ರಾಫಿಕ್‌ಗೆ ಸಿಕ್ಕಿಕೊಳ್ಳುವ ಹಾಗಿಲ್ಲ.

ಕಟ್ಟಡ ಮಾತ್ರ ನಿಜಕ್ಕೂ ದೊಡ್ಡದು. ಒಳಗೆ ನಿಂತು ತಲೆ ಎತ್ತಿದರೆ ಕಬ್ಬಿಣದ ಕಮಾನುಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇರುತ್ತವೆ. ನಾಲ್ಕೂವರೆ ಹೊತ್ತಿಗೆ ಬಿಸಿಲು ಓರೆಯಾಗಿ ಬಿದ್ದು ನೆಲದ ಮೇಲೆಲ್ಲ ಚೌಕ ಚೌಕ ನೆರಳು. ಮಕ್ಕಳು ನೆರಳಿನ ಗೆರೆ ತುಳಿಯದೆ ಕುಂಟೆಬಿಲ್ಲೆ ಶುರು ಮಾಡಿದರು. ಹೊರಗೆ ಹುಲ್ಲುಹಾಸು, ಹೂವಿನ ಮಡಿ, ನಡೆಯೋಕೆ ಸಮತಟ್ಟಾದ ದಾರಿ. ಅತ್ತೆಯ ಮಂಡಿನೋವಿಗೆ ಆ ದಾರಿ ತುಂಬ ಹಿತವಾಯಿತು. ಮದುವೆ ಆಗುವ ಜೋಡಿಗಳ ಫೋಟೋ ಶೂಟ್ ನಡೀತಾ ಇರುತ್ತದೆ, ‘ಸ್ವಲ್ಪ ಪಕ್ಕಕ್ಕೆ ಸರೀರಿ’ ಅನ್ನಿಸಿಕೊಳ್ಳೋಕೆ ತಯಾರಾಗಿರಿ. ಭಾನುವಾರ ಬೇಡ, ವಾರದ ನಡುವೆ ಹೋದರೆ ಬೆಂಚು ಸಿಗುತ್ತದೆ. ತೋಟಗಾರಿಕೆ ಇಲಾಖೆಯ ಫಲಪುಷ್ಪ ಪ್ರದರ್ಶನ ಇಲ್ಲಿ ನಡೆಯುತ್ತದೆ. ಹೂವು ನೋಡುವ ಆಸೆ ಇದ್ದರೆ ಆ ದಿನಗಳನ್ನು ಕೇಳಿಕೊಂಡು ಬನ್ನಿ, ಆರಾಮಾಗಿ ಕೂರುವ ಆಸೆ ಇದ್ದರೆ ಆ ದಿನಗಳನ್ನು ಬಿಟ್ಟು ಬನ್ನಿ.

ಸೂರ್ಯ ಇಳಿಯುವ ಮುಂಚೆ ಕೆರೆ ಕಡೆ ಹೋಗಿ. ನನ್ನ ಲೆಕ್ಕದಲ್ಲಿ ಗಾಜಿನ ಮನೆಗಿಂತ ಇದೇ ಒಂದು ಕೈ ಮೇಲು. ಭದ್ರಾ ಕಾಲುವೆಯ ನೀರು ತುಂಬಿಸಿ ಊರಿಗೆ ಕುಡಿಯೋಕೆ ಕೊಡುವ ಕೆರೆ ಇದು. ಹಾಗಾಗಿ ನೀರಿಗಿಳಿಯೋದು, ಬಾಟಲಿ ಕವರ್ ಎಸೆಯೋದು ದಯವಿಟ್ಟು ಬೇಡ. ವಾಕಿಂಗ್‌ಗೆ ಬರುವ ಊರಿನವರು ಸುಮ್ನೆ ಬಿಡುವುದಿಲ್ಲ, ಬಿಡಲೂಬಾರದು. ಏರಿಯ ಮೇಲೆ ಗಾಳಿ ಚೆನ್ನಾಗಿ ಬೀಸುತ್ತದೆ, ನೀರುಕೋಳಿ, ಬೆಳ್ಳಕ್ಕಿ ಕಾಣುತ್ತವೆ.

ಕತ್ತಲಾದ ಮೇಲೆ ಈ ಕಡೆ ಆಟೋ ಸಿಗುವುದು ಕಷ್ಟ. ಬಂದ ಆಟೋದವರ ನಂಬರ್ ತಗೊಂಡಿರಿ, ಅಥವಾ ಬಿಟ್ಟು ಹೋಗುವಾಗಲೇ ಇಂಥ ಹೊತ್ತಿಗೆ ಬನ್ನಿ ಅಂತ ಹೇಳಿ. ಪೇಟೆಗೆ ಬಂದು ರೈಲು ಹತ್ತುವ ಮುಂಚೆ ಮಂಡಕ್ಕಿ, ಮಿರ್ಚಿ ತಿನ್ನದೆ ಹೋಗಬೇಡಿ. ಮಿರ್ಚಿಯನ್ನು ಬಾಣಲೆಯಿಂದ ತೆಗೆದಾಗಲೇ ಅಂಗಡಿ ಮುಂದೆ ನಿಂತು ತಿನ್ನಬೇಕು. ಕಟ್ಟಿಸಿಕೊಂಡು ಹೋಗೋಕೆ ನರ್ಗೀಸ್ ಮಂಡಕ್ಕಿ ಕೇಳಿ, ಈರುಳ್ಳಿ ಟೊಮೆಟೊ ಬೇರೆ ಕೊಡಿ ಅನ್ನಿ. ಕಲಸಿದ್ದನ್ನು ತಂದರೆ ಅರಸೀಕೆರೆ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ.