ಸೊನ್ನೆಗೆ ನಿಲ್ಲದ ಎಣಿಕೆ

ಕಳೆದ ಜುಲೈ ತಿಂಗಳು. ಬೆಳಗಾವಿಯ ಮಳೆ ಹಿಡಿದರೆ ಬಿಡುವುದಲ್ಲ, ಬೆಳಿಗ್ಗೆಯಿಂದ ಜಿಟಿಜಿಟಿ ಹಚ್ಚಿತ್ತು. ಲ್ಯಾಬಿನಲ್ಲಿ ಮೂರನೇ ಸಲ ಕರೆಂಟು ಹೋದಾಗ 22 ಮಕ್ಕಳು ಒಟ್ಟಿಗೇ 'ಅಯ್ಯೋ' ಅಂದರು. ನಾನು ಡಿಪ್ಲೊಮಾ ಹುಡುಗರಿಗೆ ಮೈಕ್ರೊಪ್ರೊಸೆಸರ್ ಕಲಿಸುವವನು. ನಮ್ಮಲ್ಲಿರುವುದು 8085 ಎಂಬ ಮೈಕ್ರೊಪ್ರೊಸೆಸರಿನ ನಾಲ್ಕು ಕಿಟ್‌ಗಳು. ಪ್ರತಿ ಕಿಟ್ಟಿಗೆ ಆರು ಕೆಂಪು ಅಂಕಿಗಳ ಡಿಸ್‌ಪ್ಲೇ, 0ಯಿಂದ 9, ಎಯಿಂದ ಎಫ್ ಎಂಬ ಹದಿನಾರು ಅಂಕಿಗಳ ಒಂದು ಹೆಕ್ಸ್ ಕೀಪ್ಯಾಡ್. ಕೀಲಿಗಳು ಸವೆದು ಹೋಗಿ, ಬೆರಳು ನೋಯುವಷ್ಟು ಒತ್ತಬೇಕು. ಅರ್ಧ ತಾಸು ಕೂತು ಒಂದೊಂದೇ ಬೈಟ್ ತುಂಬಿಸಿದ ಪ್ರೋಗ್ರಾಂ ಕರೆಂಟು ಹೋದ ಕ್ಷಣಕ್ಕೆ ಅಳಿಸಿಹೋಗುತ್ತದೆ. ಮತ್ತೆ 8000 ಎಂಬ ಮೆಮರಿ ವಿಳಾಸದಿಂದ ಶುರು.

ಆ ಮಕ್ಕಳ ಮುಖ ನೋಡಲಾಗದೆ ನಾನು ಬೇಸಿಗೆ ರಜೆಯಲ್ಲೇ ಒಂದು ಎಮ್ಯುಲೇಟರ್ ಬರೆದಿದ್ದೆ. ಸಿ ಭಾಷೆಯಲ್ಲಿ, ನನ್ನ ಹಳೆಯ ಲ್ಯಾಪ್‌ಟಾಪಿನ ಮೇಲೆ. ಇಂಟೆಲ್ 1976ರಲ್ಲಿ ತಂದ ಆ 40 ಪಿನ್ನಿನ ಚಿಪ್ ಏನೇನು ಮಾಡುತ್ತದೋ ಅದನ್ನೆಲ್ಲ ಸಾಫ್ಟ್‌ವೇರಿನಲ್ಲಿ ಮಾಡಿ ತೋರಿಸುವುದು ಅದರ ಕೆಲಸ. ಸಂಖ್ಯೆ ಹಿಡಿದಿಡುವ ಏಳು ರಿಜಿಸ್ಟರ್, ಲೆಕ್ಕದ ಉತ್ತರ ಹೇಗಿತ್ತೆಂದು ಹೇಳುವ ಐದು ಫ್ಲ್ಯಾಗ್, 64 ಕೆಬಿ ಮೆಮರಿ. ರಿಜಿಸ್ಟರಿನಿಂದ ಒಂದು ಕಳೆಯುವ ಡಿಸಿಆರ್ ಸೂಚನೆಗೆ ನಾಲ್ಕು ಟಿ-ಸ್ಟೇಟ್ (ಚಿಪ್ಪಿನ ಗಡಿಯಾರದ ನಾಲ್ಕು ಬಡಿತ) ಎಂಬ ಲೆಕ್ಕವನ್ನೂ ಬಿಟ್ಟಿರಲಿಲ್ಲ. ಪಠ್ಯದಲ್ಲಿದ್ದ ಪ್ರಯೋಗಗಳನ್ನೆಲ್ಲ ಓಡಿಸಿ ನೋಡಿದ್ದೆ, ಒಂದೂ ತಪ್ಪಿರಲಿಲ್ಲ.

ಕರೆಂಟು ಬರುವವರೆಗೆ ಅದನ್ನೇ ತೋರಿಸಿದೆ. ಖಾನಾಪುರ ಕಡೆಯಿಂದ ದಿನಾ ಬಂದುಹೋಗುವ ಒಬ್ಬ ಹುಡುಗಿ ಕೈ ಎತ್ತಿದಳು.

"ಸರ್ರ, ನನ್ನ ಕಡೆ ಲ್ಯಾಪ್‌ಟಾಪ್ ಇಲ್ರಿ. ಫೋನ್‌ನ್ಯಾಗ ನಡೀತೈತೇನ್ರಿ ಇದು?"

ನಡೆಯಬೇಕು. ಟರ್ಮಕ್ಸ್ ಎಂಬ ಆ್ಯಪ್ ಹಾಕಿಕೊಂಡರೆ ಫೋನಿನಲ್ಲೇ ಸಿ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಸಾಧನ) ಸಿಗುತ್ತದೆ. ಅವಳ ಊರಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಒಮ್ಮೆ ಹಾಕಿಕೊಂಡ ಮೇಲೆ ಇದಕ್ಕೆ ನೆಟ್‌ವರ್ಕೂ ಬೇಡ. ಹತ್ತು ನಿಮಿಷದಲ್ಲಿ ಕಂಪೈಲ್ ಆಯಿತು, ಒಂದು ದೋಷವೂ ಬರಲಿಲ್ಲ. ಒಂಬತ್ತರಿಂದ ಸೊನ್ನೆಗೆ ಇಳಿಯುವ ಚಿಕ್ಕ ಪ್ರೋಗ್ರಾಂ ಓಡಿಸಿದೆವು. 8085ರ ಸಿ ಎಂಬ ರಿಜಿಸ್ಟರಿನಲ್ಲಿ 09 ಇಡು, ಪರದೆಗೆ ಹೋಗುವ ಪೋರ್ಟಿಗೆ ಕಳಿಸು, ಒಂದು ಕಳೆ, ಉತ್ತರ ಋಣವಾಗದಿದ್ದರೆ 8002ಕ್ಕೆ ಮರಳು (ಈ ಸೂಚನೆಯ ಹೆಸರು ಜೆಪಿ), ಋಣವಾದರೆ ನಿಲ್ಲು.

09, 08, 07 ಎಂದು 00ಕ್ಕೆ ಬಂತು. ನಿಲ್ಲಲಿಲ್ಲ. ಎಫ್‌ಎಫ್, ಎಫ್‌ಇ, ಎಫ್‌ಡಿ ಎಂದು ಪರದೆ ತುಂಬ ಸುರಿಯುತ್ತಲೇ ಹೋಯಿತು.

"ನಂದ ಏನರ ತಪ್ಪಾತೇನ್ರಿ ಸರ?" ಅಂದಳು. ಆ ಮಾತು ನನಗೆ ಬಹಳ ನಾಟಿತು. ಅವಳ ಒಂದು ಬೈಟೂ ತಪ್ಪಿರಲಿಲ್ಲ. ಕಲಿಯುವವರ ಕೈಗೆ ತಪ್ಪು ಹೇಳುವ ಉಪಕರಣ ಕೊಟ್ಟರೆ ಅವರು ಅನುಮಾನಿಸುವುದು ತಮ್ಮನ್ನೇ.

"ನಿಂದೇನೂ ಇಲ್ಲವಾ, ನಂದ ಐತಿ. ನಾಳೆ ಹೇಳ್ತೇನಿ."

ರಾತ್ರಿ ಟಿಳಕವಾಡಿಯ ಮನೆಯಲ್ಲಿ ಲ್ಯಾಪ್‌ಟಾಪನ್ನೂ ನನ್ನ ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ಪ್ರತಿ ಸೂಚನೆಯ ನಂತರ ಎಲ್ಲ ರಿಜಿಸ್ಟರು, ಫ್ಲ್ಯಾಗುಗಳನ್ನು ಎರಡೂ ಕಡೆ ಬರೆಸಿ, ಸಾಲು ಸಾಲು ತಾಳೆ ನೋಡಿದೆ. ಎಣಿಕೆ ಸೊನ್ನೆಯಿಂದ ಕೆಳಗಿಳಿಯುವ ತನಕ ಅಕ್ಷರ ವ್ಯತ್ಯಾಸವಿಲ್ಲ. ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಉತ್ತರ ಋಣ ಎಂದು ಹೇಳುವ ಸೈನ್ ಫ್ಲ್ಯಾಗ್ 1, ಫೋನಿನಲ್ಲಿ 0.

ಕಾರಣ ಒಂದು ಪದದಲ್ಲಿತ್ತು: 'ಕ್ಯಾರ್', ಸಿ ಭಾಷೆಯಲ್ಲಿ ಒಂದು ಬೈಟನ್ನು ಇಡುವ ಪ್ರಕಾರ. ಎಫ್ಎಫ್, ಅಂದರೆ ಎಂಟೂ ಬಿಟ್ಟುಗಳು 1 ಆಗಿರುವ ಬೈಟನ್ನು -1 ಎಂದೂ ಓದಬಹುದು, 255 ಎಂದೂ ಓದಬಹುದು. ಬರೀ ಕ್ಯಾರ್ ಎಂದು ಬರೆದರೆ ಯಾವುದೆಂದು ಸಿ ಭಾಷೆಯ ನಿಯಮ ಹೇಳುವುದಿಲ್ಲ, ಅದನ್ನು ಆಯಾ ಯಂತ್ರದ ಕಂಪೈಲರಿಗೆ ಬಿಟ್ಟಿದೆ. ಇಂಟೆಲ್ ವಂಶದ ಲ್ಯಾಪ್‌ಟಾಪಿನಲ್ಲಿ ಅದು -1, ಆಂಡ್ರಾಯ್ಡ್ ಫೋನಿನ ಆರ್ಮ್ ಚಿಪ್ಪಿನಲ್ಲಿ 255. ಮೊದಮೊದಲ ಆರ್ಮ್ ಚಿಪ್‌ಗಳಿಗೆ ಬೈಟನ್ನು ಮೆಮರಿಯಿಂದ ಎತ್ತುವಾಗ ಮೇಲಿನ ಜಾಗಕ್ಕೆ ಸೊನ್ನೆ ತುಂಬುವುದು ಮಾತ್ರ ಬರುತ್ತಿತ್ತು, ಚಿಹ್ನೆ ಉಳಿಸಿಕೊಂಡು ಎತ್ತುವ ಸೂಚನೆ ಆಮೇಲೆ ಬಂದದ್ದು. ಆ ಹಳೆಯ ರೂಢಿ ಇವತ್ತಿಗೂ ಉಳಿದಿದೆ. ನಾನು 'ಉತ್ತರ ಸೊನ್ನೆಗಿಂತ ಕಡಿಮೆಯೇ' ಎಂದು ಕೇಳಿದ್ದೆ. 255 ಎಂದಾದರೂ ಸೊನ್ನೆಗಿಂತ ಕಡಿಮೆಯಾದೀತೆ? ಖಾತ್ರಿಗೆಂದು ಲ್ಯಾಪ್‌ಟಾಪಿನ ಕಂಪೈಲರಿಗೂ ಕ್ಯಾರ್ ಅನ್ನು ಚಿಹ್ನೆಯಿಲ್ಲದೆ ಓದು ಎಂಬ ಆಯ್ಕೆ ಕೊಟ್ಟು ಓಡಿಸಿದೆ. ಅಲ್ಲಿಯೂ ಎಣಿಕೆ ನಿಲ್ಲಲಿಲ್ಲ. ಸಮಾಧಾನವಾಯಿತು.

ಕ್ಯಾರ್ ತೆಗೆದು ಎಂಟು ಬಿಟ್ಟಿನ ಚಿಹ್ನೆಯಿಲ್ಲದ ಪ್ರಕಾರ ಹಾಕಿ, ಏಳನೇ ಬಿಟ್ (ಸೊನ್ನೆಯಿಂದ ಎಣಿಸಿದರೆ, ಎಲ್ಲಕ್ಕಿಂತ ಮೇಲಿನದು) ಒಂದಿದ್ದರೆ ಸೈನ್ ಎಂದು ಬರೆದೆ. 8085 ತಾನೇ ಮಾಡುವುದೂ ಅಷ್ಟೇ, ಸೈನ್ ಹೇಳಲು ಅದು ಉತ್ತರವನ್ನು ಸೊನ್ನೆಯ ಜೊತೆ ಹೋಲಿಸುವುದಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಲ್ಯಾಪ್‌ಟಾಪಿನ ಅಭ್ಯಾಸ ಇನ್ನೆಲ್ಲೆಲ್ಲಿ ನನ್ನ ಕೋಡಿನೊಳಗೆ ಸದ್ದಿಲ್ಲದೆ ಕೂತಿದೆಯೋ ಎಂಬ ಚಿಂತೆ ಹತ್ತಿತು. ಮರುದಿನ ವಿಷಯ ತೆಗೆದಾಗ ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು, ಮನೆಮಾತು ಮರಾಠಿ, ಚಹಾ ಕುಡಿಯುತ್ತ ಕೇಳಿದರು: "ಬೈಟ್ ಉಲ್ಟಾ ಇಡೋ ಮಶೀನ್ ಮ್ಯಾಲೆ ನೋಡೀರೇನ್ರಿ?" ನೋಡಿರಲಿಲ್ಲ.

ಬೈಟುಗಳ ಈ ಕ್ರಮವನ್ನು ನಮ್ಮ ಊರಿನವರಿಗೆ ವಿವರಿಸುವುದು ಬಹಳ ಸುಲಭ. ಖಡೇಬಜಾರಿನಲ್ಲಿ ನಾವು 'ಇಪ್ಪತ್ತೈದು' ಅನ್ನುತ್ತೇವೆ, ಹತ್ತರ ಸ್ಥಾನ ಮೊದಲು. ಪಕ್ಕದಲ್ಲಿ ನಿಂತವರು 'ಪಂಚವೀಸ' ಅನ್ನುತ್ತಾರೆ, ಐದು ಮೊದಲು, ಇಪ್ಪತ್ತು ಆಮೇಲೆ. ರೊಕ್ಕ ಅಷ್ಟೇ. ಕಿವಿಗೆ ಬಿದ್ದ ಕ್ರಮದಲ್ಲೇ ಅಂಕಿ ಬರೆದುಕೊಂಡರೆ ಮಾತ್ರ 25 ಹೋಗಿ 52 ಆಗುತ್ತದೆ. 8085 ಪಂಚವೀಸ ಅನ್ನುವ ಪೈಕಿ: 8002 ಎಂಬ ವಿಳಾಸವನ್ನು ಮೆಮರಿಯಲ್ಲಿ 02, 80 ಎಂದು ಇಡುತ್ತದೆ. ನನ್ನ ಲ್ಯಾಪ್‌ಟಾಪೂ ಹಾಗೇ, ಫೋನೂ ಹಾಗೇ. ಆದ್ದರಿಂದ ನಾನು ಎರಡು ಬೈಟನ್ನು ಒಂದೇ ಏಟಿಗೆ 16 ಬಿಟ್ಟಿನ ಸಂಖ್ಯೆಯಾಗಿ ಎತ್ತಿಕೊಂಡಿದ್ದೆ, ಅದು ಎಲ್ಲೂ ಸಿಕ್ಕಿಬಿದ್ದಿರಲಿಲ್ಲ.

ಇಪ್ಪತ್ತೈದು ಅನ್ನುವ ಯಂತ್ರ ನನ್ನಲ್ಲಿಲ್ಲ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಎಂಬ ಎಮ್ಯುಲೇಟರ್ ಇಲ್ಲಿ ಕೈ ಹಿಡಿಯಿತು. ಲ್ಯಾಪ್‌ಟಾಪಿನೊಳಗೆ ದೊಡ್ಡ ಬೈಟ್ ಮೊದಲು ಇಡುವ ಒಂದು ಮಿಪ್ಸ್ ಪ್ರೊಸೆಸರ್, ಅದರೊಳಗೆ ನನ್ನ 8085. ಓಡಿಸಿದರೆ ಬಂದದ್ದು 09. ಮತ್ತೆ 09. ಮತ್ತೆ 09. 08 ಬರಲೇ ಇಲ್ಲ.

ಇದು ಯಾಕೆ ಹೀಗೆ ಎಂದು ತಿಳಿದಾಗ ಆದ ಖುಷಿ ಹೇಳತೀರದು. 02, 80 ಎಂಬುದನ್ನು ಮಿಪ್ಸ್ 0280 ಎಂದು ಓದಿ ಅಲ್ಲಿಗೆ ಜಿಗಿದಿತ್ತು. ಅಲ್ಲಿ ಬರೀ ಸೊನ್ನೆಗಳು. 8085ಕ್ಕೆ 00 ಎಂದರೆ 'ಏನೂ ಮಾಡಬೇಡ, ಮುಂದೆ ನಡೆ'. ಹಾಗೆ 32,128 ಖಾಲಿ ಸೂಚನೆಗಳನ್ನು ಶ್ರದ್ಧೆಯಿಂದ ದಾಟಿಕೊಂಡು 8000ಕ್ಕೆ ಬಂದು, ಸಿ ರಿಜಿಸ್ಟರಿಗೆ ಮತ್ತೆ 09 ತುಂಬಿ, ಮೊದಲಿಂದ ಶುರು ಮಾಡುತ್ತಿತ್ತು ಪಾಪ.

ಈಗ ಎರಡು ಬೈಟನ್ನು ಬೇರೆ ಬೇರೆ ಎತ್ತಿ, ಎರಡನೆಯದನ್ನು ಎಂಟು ಬಿಟ್ ಎಡಕ್ಕೆ ಸರಿಸಿ ಕೂಡಿಸುತ್ತೇನೆ. ಹೀಗೆ ಬರೆದರೆ ಯಾವ ಯಂತ್ರ ಹೇಗೆ ಎಣಿಸಿದರೂ ಉತ್ತರ ಒಂದೇ. ಎಚ್, ಎಲ್ ರಿಜಿಸ್ಟರುಗಳನ್ನು, ಒಂದೇ ಜಾಗವನ್ನು ಎರಡು ಬಗೆಯಲ್ಲಿ ಓದಲು ಬಿಡುವ ಯೂನಿಯನ್ನಿನಲ್ಲಿ ಜೋಡಿಸಿದ್ದನ್ನೂ ಬಿಚ್ಚಿದೆ. ಫ್ಲ್ಯಾಗುಗಳಿಗೆ ಬಳಸಿದ, ಒಂದೊಂದು ಬಿಟ್ಟಿಗೂ ಹೆಸರಿಡುವ ಬಿಟ್-ಫೀಲ್ಡೂ ಹೋಯಿತು, ಅದರ ಬಿಟ್ಟುಗಳ ಕ್ರಮವೂ ಕಂಪೈಲರಿನ ಮರ್ಜಿ. ಕೋಡು ಮೊದಲಿನಷ್ಟು ಚುಟುಕಾಗಿಲ್ಲ, ನಿಧಾನವಾಯಿತೇನೋ ಎಂದು ಕೆಲವರು ಕೇಳಿದರು. ಆಧುನಿಕ ಕಂಪೈಲರುಗಳು ಆ ಸರಿಸುವುದು ಕೂಡಿಸುವುದನ್ನು ಗುರುತಿಸಿ, ಆಗುವಲ್ಲಿ ಒಂದೇ ಸೂಚನೆಯಾಗಿ ಮಾಡಿಕೊಳ್ಳುತ್ತವೆ. ನಿಧಾನವಾಗಿದ್ದರೂ ನಾನು ಹೀಗೇ ಬರೆಯುತ್ತಿದ್ದೆ.

ಮುಂದಿನ ಸೋಮವಾರ ಕರೆಂಟು ಮತ್ತೆ ಹೋಗಿತ್ತು. ಆ ಹುಡುಗಿ ಕಿಟಕಿಯ ಬೆಳಕಿಗೆ ಫೋನ್ ಹಿಡಿದು ಹೊಸದನ್ನು ಓಡಿಸಿದಳು. 09ರಿಂದ 00, ನಿಂತಿತು. ಅವಳು ಸುಮ್ಮನಾಗಲಿಲ್ಲ.

"ಸರ್ರ, ಜೆಪಿ ತಗದು ಜೆಎಂ ಹಾಕಿದ್ರ ಏನಾಕ್ಕೈತಿ?"

"ನೀನ ಹೇಳವಾ ಮೊದಲ."

ಜೆಎಂ ಎಂದರೆ ಉತ್ತರ ಋಣವಾದರೆ ಮಾತ್ರ ಜಿಗಿ. ನೋಟ್‌ಬುಕ್ಕಿನ ಅಂಚಿನಲ್ಲಿ ಫ್ಲ್ಯಾಗುಗಳನ್ನು ಬರೆದುಕೊಂಡು ತುಸು ಹೊತ್ತು ಯೋಚಿಸಿದಳು. "ಎಂಟು ಋಣ ಅಲ್ರಿ, ಅದಕ್ಕ ಜಿಗಿಯಾಂಗಿಲ್ಲ. ಒಂಬತ್ತ ಒಂದ ಸಲ ತೋರಿಸಿ ನಿಂದರತೈತ್ರಿ."

ಜೆಪಿಯ ಸಂಕೇತ ಎಫ್2 ಇದ್ದಲ್ಲಿ ಜೆಎಂನ ಎಫ್‌ಎ ಹಾಕಿ ಓಡಿಸಿದಳು. ಪರದೆಯ ಮೇಲೆ 09 ಬಂತು, ನಿಂತಿತು.