ಬೋರ್ಡಿನ ಮೇಲೆ ನಾನು ಬರೆದ ಸಮ ಚಿಹ್ನೆ

ಟೊರೊಂಟೊ ಪಕ್ಕದ ಊರಿನ ಹೈಸ್ಕೂಲಿನಲ್ಲಿ ನಾನು ಹತ್ತನೇ ಕ್ಲಾಸಿಗೆ ಸಿವಿಕ್ಸ್ ಪಾಠ ಮಾಡುತ್ತೇನೆ. ಆಂಟಾರಿಯೋದಲ್ಲಿ ಇದು ಕಡ್ಡಾಯ ವಿಷಯ. ಆದರೆ ಅರ್ಧ ಕ್ರೆಡಿಟ್ ಅಷ್ಟೇ, ಸಿಗುವ ಸಮಯ ತುಂಬಾ ಕಮ್ಮಿ. 2025ರಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ಚುನಾವಣೆ ಬಂದವು, ಫೆಬ್ರವರಿ 27ಕ್ಕೆ ಪ್ರಾಂತ್ಯದ್ದು, ಏಪ್ರಿಲ್ 28ಕ್ಕೆ ದೇಶದ್ದು. ಆಗ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ಪಾಠ ಮಾಡುವವರು ಯಾರಾದರೂ ಓದಿದರೆ ಉಪಯೋಗಕ್ಕೆ ಬರಬಹುದು.

ನಮ್ಮ ಮಕ್ಕಳಿಗೆ ಅಮೆರಿಕದ ರಾಜಕೀಯ ಚೆನ್ನಾಗಿ ಗೊತ್ತು. ಪೆನ್ಸಿಲ್ವೇನಿಯಾ ಯಾಕೆ ಮುಖ್ಯ, ಅಧ್ಯಕ್ಷ ಗೆಲ್ಲಲು ಬೇಕಾದ 270 ಎಲೆಕ್ಟೋರಲ್ ಮತ ಅಂದರೆ ಏನು, ಎಲ್ಲಾ ಫೋನಿನಲ್ಲೇ ಕಲಿತಿರುತ್ತಾರೆ. ನಿಮ್ಮ ಎಂಪಿ ಯಾರು ಅಂತ ಕೇಳಿದರೆ ಇಡೀ ಕ್ಲಾಸಿನಲ್ಲಿ ಎರಡೇ ಕೈ ಮೇಲೆ ಬಂದವು. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗಬೇಕು ಅಂತ ಊರಲ್ಲಿ ಬಿ.ಎಡ್ ಮಾಡುವಾಗ ಕಲಿತಿದ್ದೆ. ಅದನ್ನೇ ನಂಬಿ ಬೋರ್ಡನ್ನು ಎರಡು ಭಾಗ ಮಾಡಿ, ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಕೆನಡಾ ಅಂತ ಬರೆದೆ. ಅಧ್ಯಕ್ಷ = ಪ್ರಧಾನಿ. ರಿಪಬ್ಲಿಕನ್ = ಕನ್ಸರ್ವೇಟಿವ್. ಡೆಮಾಕ್ರಟಿಕ್ = ಲಿಬರಲ್.

"ಎನ್‌ಡಿಪಿ ಎಲ್ಲಿ ಬರೆಯೋದು ಮಿಸ್?" ಅಂತ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ನ್ಯೂ ಡೆಮಾಕ್ರಟಿಕ್ ಪಾರ್ಟಿ, ಇಲ್ಲಿನ ಇನ್ನೊಂದು ಪಕ್ಷ. ಅದಕ್ಕೆ ಜಾಗ ಇರಲಿಲ್ಲ. ಕೆಬೆಕ್‌ನಲ್ಲಿ ಮಾತ್ರ ನಿಲ್ಲುವ ಬ್ಲಾಕ್ ಕೆಬೆಕ್ವಾ ಪಕ್ಷಕ್ಕೂ ಜಾಗ ಇರಲಿಲ್ಲ. ಅದು ಸಣ್ಣ ಸಮಸ್ಯೆ. ದೊಡ್ಡದು ಆಮೇಲೆ ಬಂತು. ಕಿಟಕಿ ಪಕ್ಕದ ಹುಡುಗನ ಮನೆ ಮುಂದೆ ಕನ್ಸರ್ವೇಟಿವ್ ಅಭ್ಯರ್ಥಿಯ ನೀಲಿ ಬೋರ್ಡು ನೆಟ್ಟಿದ್ದರು. ಪಕ್ಕದವನು ಅವನ ಕಡೆ ತಿರುಗಿ, "ಹಾಗಾದ್ರೆ ನಿಮ್ಮಪ್ಪ ಟ್ರಂಪ್ ಕಡೆಯವರಾ?" ಅಂದ. ಕೆನಡಾವನ್ನು ಅಮೆರಿಕದ 51ನೇ ರಾಜ್ಯ ಮಾಡುತ್ತೇನೆ ಅಂತ ಟ್ರಂಪ್ ಹೇಳುತ್ತಿದ್ದ, ಸುಂಕದ ಭಯ ಮನೆಮನೆಯಲ್ಲೂ ಇದ್ದ ದಿನಗಳು ಅವು. ಹುಡುಗ ಪುಸ್ತಕ ಮುಚ್ಚಿ ತಲೆ ತಗ್ಗಿಸಿದ. ಎರಡು ದಿನ ಒಂದು ಮಾತೂ ಆಡಲಿಲ್ಲ.

ಅವನಿಗೆ ಆ ನೋವು ಕೊಟ್ಟಿದ್ದು ನನ್ನ ಸಮ ಚಿಹ್ನೆ. ನಮ್ಮ ಪ್ರಾಂತ್ಯದ ಮುಖ್ಯಸ್ಥ ಡಗ್ ಫೋರ್ಡ್ ಕೂಡ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದವರೇ. 'ಕೆನಡಾ ಮಾರಾಟಕ್ಕಿಲ್ಲ' ಅಂತ ಬರೆದ ಟೋಪಿ ಹಾಕಿಕೊಂಡು, ಟ್ರಂಪ್ ಸುಂಕವನ್ನೇ ವಿಷಯ ಮಾಡಿಕೊಂಡು ಫೆಬ್ರವರಿಯಲ್ಲಿ ಗೆದ್ದವರು. ಕೆನಡಾ ಯಾವತ್ತೂ 51ನೇ ರಾಜ್ಯ ಆಗುವುದಿಲ್ಲ ಅಂತ ದೇಶದ ಚುನಾವಣೆಯಲ್ಲಿ ಕನ್ಸರ್ವೇಟಿವ್ ನಾಯಕರಾಗಿದ್ದ ಪಿಯೆರ್ ಪೊಲಿಯೆವ್ ಕೂಡ ಹೇಳಿದ್ದರು. ಇದೆಲ್ಲಾ ನನಗೆ ಗೊತ್ತಿತ್ತು. ಆದರೂ ಬೋರ್ಡಿನ ಮೇಲೆ ಬೇರೆಯದೇ ಬರೆದಿದ್ದೆ. ಆ ಹುಡುಗನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಇಡೀ ಕ್ಲಾಸಿನ ಎದುರಲ್ಲೂ ಕೇಳಿದೆ.

ಏಪ್ರಿಲ್‌ನಲ್ಲಿ ಸ್ಟೂಡೆಂಟ್ ವೋಟ್ ನಡೆಸಿದೆವು. ಇದು ದೇಶದ ಶಾಲೆಗಳಲ್ಲೆಲ್ಲಾ ನಡೆಯುವ ಅಣಕು ಚುನಾವಣೆ. ಮತಪತ್ರದಲ್ಲಿ ನಮ್ಮ ಕ್ಷೇತ್ರದ ನಿಜವಾದ ಅಭ್ಯರ್ಥಿಗಳ ಹೆಸರೇ ಇರುತ್ತದೆ. ಆಗ ಪ್ರಧಾನಿ ಲಿಬರಲ್ ಪಕ್ಷದ ಮಾರ್ಕ್ ಕಾರ್ನಿ. ಒಬ್ಬ ಹುಡುಗಿ ಮತಪತ್ರ ಹಿಡಿದುಕೊಂಡು ವಾಪಸ್ ಬಂದು, "ಮಿಸ್, ಇದರಲ್ಲಿ ಕಾರ್ನಿ ಹೆಸರೇ ಇಲ್ಲ, ಪ್ರಿಂಟ್ ತಪ್ಪಾಗಿದೆ" ಅಂದಳು. ಹಿಂದೆ ನಿಂತಿದ್ದವರೂ ತಮ್ಮ ಕಾಗದ ತಿರುಗಿಸಿ ನೋಡತೊಡಗಿದರು. ಅಧ್ಯಕ್ಷ = ಪ್ರಧಾನಿ ಅಂತ ಬರೆದವಳು ನಾನೇ ಅಲ್ವಾ, ಮಕ್ಕಳು ಹೆಸರು ಹುಡುಕಿದ್ದರಲ್ಲಿ ತಪ್ಪೇನಿದೆ?

ಕಾರ್ನಿ ನಿಂತಿದ್ದು ಒಟ್ಟಾವಾದ ನೇಪಿಯನ್‌ನಲ್ಲಿ. ಅದಕ್ಕೂ ಮೊದಲು ಅಲ್ಲಿ ಎಂಪಿ ಆಗಿದ್ದವರು ನಮ್ಮ ತುಮಕೂರು ಜಿಲ್ಲೆ ಶಿರಾ ಕಡೆಯ ಚಂದ್ರ ಆರ್ಯ, 2022ರಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದವರು. ಕಾರ್ನಿ ಮಾರ್ಚ್ 14ಕ್ಕೆ ಪ್ರಧಾನಿಯಾದಾಗ ಎಂಪಿ ಕೂಡ ಆಗಿರಲಿಲ್ಲ ಅಂದರೆ ಮಕ್ಕಳು ನಂಬಲಿಲ್ಲ. ದಾವಣಗೆರೆ ಮೂಲದ ಒಬ್ಬ ಹುಡುಗ ಮಾತ್ರ ಮರುದಿನ ಬಂದು, "ನಮ್ಮಮ್ಮ ಹೇಳಿದ್ರು ಮಿಸ್, ದೇವೇಗೌಡರೂ ಹಾಗೇ ಆಗಿದ್ರಂತೆ" ಅಂದ. ಹೌದು, 1996ರಲ್ಲಿ. ಭಾರತದಲ್ಲಿ ಓಟು ಹಾಕಿದ ಅಪ್ಪ ಅಮ್ಮ ಇರುವ ಮಕ್ಕಳಿಗೆ ಕೆನಡಾದ ಪದ್ಧತಿ ಮನೆಯಲ್ಲೇ ಅರ್ಥವಾಗುತ್ತದೆ. ನಾನು ಅವರನ್ನು ಸುಮ್ನೆ ಅಮೆರಿಕದ ದಾರಿಯಲ್ಲಿ ಸುತ್ತಿಸಿದ್ದೆ.

ಈಗ ಕ್ರಮ ಬದಲಾಯಿಸಿದ್ದೇನೆ. ಮೊದಲ ದಿನವೇ ಮೇಜಿನ ಮೇಲೆ ಮತಪತ್ರ, ಪೆನ್ಸಿಲ್ ಇಡುತ್ತೇನೆ. ಹೋಲಿಕೆ ಒಂದು ವಾರ ಬಿಟ್ಟು. ಅದೂ ನಾನು ಬರೆದು ಕೊಡುವುದಿಲ್ಲ. ಅಮೆರಿಕದ ಮಿಷಿಗನ್‌ನ ಒಂದು ಕೌಂಟಿಯ 2024ರ ಮಾದರಿ ಮತಪತ್ರ ತೆಗೆದು, ನಮ್ಮದರ ಪಕ್ಕ ಇಟ್ಟು ಸುಮ್ಮನಾಗುತ್ತೇನೆ. ನಮ್ಮದರಲ್ಲಿ ಎಂಪಿ ಒಬ್ಬರ ಆಯ್ಕೆ ಮಾತ್ರ, ಒಂದು ಗುರುತು ಹಾಕಿದರೆ ಮುಗಿಯಿತು. ಅದರಲ್ಲಿ ಅಧ್ಯಕ್ಷ, ಸೆನೆಟರ್, ಶೆರಿಫ್, ಜಡ್ಜು, ಕೊನೆಗೆ ಚರಂಡಿ ನೋಡಿಕೊಳ್ಳುವ ಡ್ರೇನ್ ಕಮಿಷನರ್ ಕೂಡ. "ಜಡ್ಜ್‌ಗೂ ಓಟು ಹಾಕ್ತಾರಾ? ಹಾಗಾದ್ರೆ ಅವರೂ ಪ್ರಚಾರ ಮಾಡಬೇಕಾ?" ಅಂತ ಒಬ್ಬಳು ಕೇಳಿದಳು. ಆ ಪ್ರಶ್ನೆ ಒಂದರಲ್ಲೇ ಪೂರ್ತಿ ಪೀರಿಯಡ್ ಹೋಯಿತು.

ಇನ್ನೊಂದು ಪೀರಿಯಡ್ ನೆನಪಿದೆ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 28 ಲಕ್ಷಕ್ಕೂ ಜಾಸ್ತಿ ಓಟು ಹೆಚ್ಚು ಬಿದ್ದರೂ ಸೋತರು, ನಮ್ಮಲ್ಲಿ ಅಂಥ ಅನ್ಯಾಯ ಇಲ್ಲ ಅಂತ ಒಬ್ಬ ಹೆಮ್ಮೆಯಿಂದ ಹೇಳಿದ. ನಾನು ಮಾತಾಡದೆ 2019ರ ಕೆನಡಾ ಅಂಕಿ ಬರೆದೆ. ಕನ್ಸರ್ವೇಟಿವ್ ಶೇ. 34.3, ಸೀಟು 121. ಲಿಬರಲ್ ಶೇ. 33.1, ಸೀಟು 157. 2021ರಲ್ಲೂ ಹೀಗೇ ಆಯಿತು ಅಂದೆ. ಕ್ಲಾಸು ತಣ್ಣಗಾಯಿತು. ಆಮೇಲೆ ಜಗಳವೇ ಶುರುವಾಯಿತು, ಒಳ್ಳೆಯ ಜಗಳ. ಕ್ಷೇತ್ರದಲ್ಲಿ ಹೆಚ್ಚು ಓಟು ಬಿದ್ದವರೇ ಗೆಲ್ಲುವ ಈ ಪದ್ಧತಿಗೆ 2015 ಕೊನೆಯ ಚುನಾವಣೆ ಅಂತ ಲಿಬರಲ್ ನಾಯಕ ಜಸ್ಟಿನ್ ಟ್ರುಡೊ ಮಾತು ಕೊಟ್ಟಿದ್ದರು, 2017ರಲ್ಲಿ ಕೈಬಿಟ್ಟರು ಅಂತ ಹೇಳಿದಾಗ ಕೆಲವರಿಗೆ ನಿಜವಾಗಿಯೂ ಸಿಟ್ಟು ಬಂತು. ಈಗಿನ ಪದ್ಧತಿಯೇ ಸರಿ, ಎಂಪಿ ಊರಿನವರೇ ಇರಬೇಕು ಅಂತ ಇನ್ನು ಕೆಲವರು ವಾದಿಸಿದರು.

ಎಂಪಿಗೇ ಬರೆಯೋಣ ಅಂದಿದ್ದು ಮಕ್ಕಳು. ಒಟ್ಟಾವಾದ ಸಂಸತ್ತಿಗೆ ಎಂಪಿ ಹೆಸರಿನಲ್ಲಿ ಹಾಕುವ ಕಾಗದಕ್ಕೆ ಸ್ಟಾಂಪ್ ಬೇಡ. ಹನ್ನೊಂದು ಕವರು ಆದವು. ಎರಡೂ ಕಡೆಯ ವಾದ ಅದರಲ್ಲಿತ್ತು. ಎಂಪಿಯ ಹೆಸರನ್ನು ಬೋರ್ಡ್ ಮೇಲೆ ಬರೆದುಕೊಡಿ ಅಂತ ಯಾರೂ ನನ್ನನ್ನು ಕೇಳಲಿಲ್ಲ.